ಆಣೇವಾರಿ: ಬೆಳೆಯ ಅನಿಶ್ಚಿತತೆಯನ್ನು ಹೇಳುವ ಒಂದು ಪದದ ಚರಿತ್ರೆ

ಪ್ರವೇಶ

ಹೊಲದಲ್ಲಿ ನಿಂತಿರುವ ಬೆಳೆ ಇನ್ನೂ ಕಾಳಾಗಿರುವುದಿಲ್ಲ, ಕಾಳಾದದ್ದು ಇನ್ನೂ ರಾಶಿಯಾಗಿರುವುದಿಲ್ಲ, ರಾಶಿಯಾದದ್ದು ಇನ್ನೂ ಮನೆ ಸೇರಿರುವುದಿಲ್ಲ. ಈ ಮೂರು ‘ಇನ್ನೂ’ಗಳ ನಡುವಿನ ಅವಧಿಯಲ್ಲಿ ಫಲದ ಬಗ್ಗೆ ಏನು ಹೇಳಬೇಕು, ಎಷ್ಟು ಹೇಳಬೇಕು, ಯಾರು ಹೇಳಬೇಕು ಎಂಬ ಪ್ರಶ್ನೆಗಳು ಮಳೆಯನ್ನೇ ನಂಬಿದ ಎಲ್ಲ ಒಕ್ಕಲುತನದ ಸಮಾಜಗಳಿಗೂ ಎದುರಾಗಿವೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಕನ್ನಡದಲ್ಲಿ ಈ ಪ್ರಶ್ನೆಗಳಿಗೆ ಉತ್ತರವಾಗಿ ಬಂದ ಪದಗಳಲ್ಲಿ ‘ಆಣೇವಾರಿ’ ಎಂಬುದು ವಿಶಿಷ್ಟವಾದುದು. ಅದು ಕಂದಾಯದ ಕಾಗದದಿಂದ ಹುಟ್ಟಿ ಕಟ್ಟೆಯ ಮಾತಿಗೆ ಇಳಿದ ಪದ. “ಈ ಸಲ ಎಂಟಾಣೆ ಬೆಳಿ”, “ನಾಕಾಣೆ ಬಂದರ ದೊಡ್ಡದು” ಎಂಬಂತಹ ಮಾತುಗಳಲ್ಲಿ ಆಣೆಯು ನಾಣ್ಯವಲ್ಲ, ತೂಕವೂ ಅಲ್ಲ. ಅದು ಬರಬೇಕಾದುದಕ್ಕೂ ಬಂದುದಕ್ಕೂ ಇರುವ ಅಂತರದ ಅಳತೆ.

ಈ ಪದದ ಅರ್ಥ, ಬಳಕೆ ಮತ್ತು ಅದರ ಹಿಂದಿನ ಆಡಳಿತ ಚರಿತ್ರೆಯನ್ನು ಜಾನಪದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆಣೇವಾರಿಯನ್ನು ಇದುವರೆಗೆ ಕಂದಾಯ ಇತಿಹಾಸದ ಪಾರಿಭಾಷಿಕ ಪದವೆಂದು ಮಾತ್ರ ನೋಡುವುದು ವಾಡಿಕೆ. ಆದರೆ ಒಂದು ಪದ ಜನರ ನಾಲಿಗೆಯಲ್ಲಿ ಉಳಿಯುವುದು ಸರಕಾರದ ಆದೇಶದಿಂದಲ್ಲ; ಅದು ಅವರ ಯಾವುದೋ ಅಗತ್ಯವನ್ನು ಪೂರೈಸುವುದರಿಂದ. ಆ ಅಗತ್ಯ ಯಾವುದು ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಪದದ ರೂಪ ಮತ್ತು ಮೂಲ

‘ಆಣೇವಾರಿ’ ಮರಾಠಿಯ ಮೂಲಕ ಕನ್ನಡಕ್ಕೆ ಬಂದ ಪದ. ‘ಆಣೆ’ ಎಂದರೆ ರೂಪಾಯಿಯ ಹದಿನಾರನೆಯ ಒಂದು ಭಾಗ. ‘ವಾರಿ’ ಎಂಬುದು ‘ಪ್ರಕಾರ’, ‘ಅನುಸಾರ’ ಎಂಬರ್ಥದ ಪಾರಸಿ ಮೂಲದ ಪ್ರತ್ಯಯ. ‘ರೈತವಾರಿ’, ‘ತಪಶೀಲುವಾರು’ ಮುಂತಾದ ಪದಗಳಲ್ಲಿಯೂ ಇದೇ ಪ್ರತ್ಯಯವಿದೆ. ಹೀಗಾಗಿ ಆಣೇವಾರಿ ಎಂದರೆ ಆಣೆಗಳ ಲೆಕ್ಕದಲ್ಲಿ ಮಾಡಿದ ಅಂದಾಜು. ಪೂರ್ಣ ಬೆಳೆಯನ್ನು ಒಂದು ರೂಪಾಯಿ, ಅಂದರೆ ಹದಿನಾರಾಣೆ ಎಂದು ಭಾವಿಸಿ, ಕಣ್ಣೆದುರಿನ ಬೆಳೆ ಅದರಲ್ಲಿ ಎಷ್ಟಾಣೆ ಎಂದು ಹೇಳುವುದು ಇದರ ಕ್ರಮ.

ಪದ ಹೊರಗಿನದಾದರೂ ಅದು ಬಂದು ಕುಳಿತ ಪೀಠ ಕನ್ನಡದ್ದೇ ಆಗಿತ್ತು ಎಂಬುದನ್ನು ಗಮನಿಸಬೇಕು. ಕನ್ನಡದ ಹಳೆಯ ಲೆಕ್ಕಾಚಾರದಲ್ಲಿ ಅರೆ, ಕಾಲು, ಅರೆಕಾಲು, ವೀಸ ಎಂಬ ಕ್ರಮವಿದೆ. ವೀಸವೆಂದರೆ ಹದಿನಾರನೆಯ ಒಂದು ಭಾಗ. ಶಾಸನಗಳಲ್ಲಿ ಗದ್ಯಾಣ, ಪಣಗಳ ಜೊತೆಗೆ ಹಾಗ ಮತ್ತು ವೀಸಗಳು ಸಾಮಾನ್ಯವಾಗಿ ಬರುತ್ತವೆ. ಪಣದ ಕಾಲು ಭಾಗ ಹಾಗ, ಹಾಗದ ಕಾಲು ಭಾಗ ವೀಸ. ಕದಂಬರ ಒಂದು ಶಾಖೆಯ ರಾಜಧಾನಿಯಾಗಿದ್ದು, ಪಾನುಂಗಲ್ಲು ಐನೂರರ ಕೇಂದ್ರವೂ ಆಗಿದ್ದ ಹಾನಗಲ್ಲ ಸೀಮೆಗೆ ಹದಿನಾರರ ಈ ಲೆಕ್ಕ ಹೊಸತೇನೂ ಆಗಿರಲಿಲ್ಲ. ಚಂದ್ರನ ಹದಿನಾರು ಕಳೆಗಳ ಕಲ್ಪನೆಯೂ ಹದಿನಾರನ್ನು ಪೂರ್ಣತೆಯ ಸಂಖ್ಯೆಯಾಗಿ ಜನಮನದಲ್ಲಿ ನೆಲೆಗೊಳಿಸಿತ್ತು. ‘ಹದಿನಾರಾಣೆ ಸತ್ಯ’ ಎಂಬ ಮಾತು ಇಂದಿಗೂ ಬಳಕೆಯಲ್ಲಿರುವುದಕ್ಕೆ ಈ ಹಿನ್ನೆಲೆಯಿದೆ.

ಶಾಸನಗಳಲ್ಲಿ ಬರುವ ‘ಸಿದ್ಧಾಯ’ ಎಂಬ ಪದವನ್ನೂ ಇಲ್ಲಿ ನೆನೆಯುವುದು ಉಚಿತ. ಸಿದ್ಧಾಯವೆಂದರೆ ನಿಗದಿಯಾದ ತೆರಿಗೆ. ಬೆಳೆ ಅನಿಶ್ಚಿತ, ತೆರಿಗೆ ನಿಶ್ಚಿತ ಎಂಬ ಸಂಬಂಧ ಈ ನೆಲದಲ್ಲಿ ಬಹಳ ಹಳೆಯದು. ಆಣೇವಾರಿಯ ಚರಿತ್ರೆಯು ಈ ಹಳೆಯ ಸಂಬಂಧದ ಹೊಸ ಅಧ್ಯಾಯವೇ ಆಗಿದೆ.

ಇನ್ನೊಂದು ಸಂಗತಿಯೂ ಉಂಟು. ಕನ್ನಡದಲ್ಲಿ ‘ಆಣೆ’ ಎಂಬ ಬೇರೊಂದು ಪದ ಮೊದಲೇ ಇತ್ತು. ಸಂಸ್ಕೃತದ ‘ಆಜ್ಞಾ’ದಿಂದ ಬಂದ ಈ ಆಣೆಗೆ ಅಪ್ಪಣೆ, ಪ್ರಮಾಣ ಎಂಬ ಅರ್ಥಗಳಿವೆ. ಎರಡಕ್ಕೂ ವ್ಯುತ್ಪತ್ತಿಯ ಸಂಬಂಧವಿಲ್ಲ. ಆದರೂ ಉಚ್ಚಾರದಲ್ಲಿ ಒಂದೇ ಆಗಿರುವ ಈ ಎರಡು ಪದಗಳು ಒಂದೇ ಕಟ್ಟೆಯ ಮೇಲೆ ಕೂತಿವೆ: ಒಂದು ದೇವರ ಮುಂದೆ ಹೇಳುವ ಸತ್ಯ, ಇನ್ನೊಂದು ಅಧಿಕಾರಿಯ ಮುಂದೆ ಹೇಳುವ ಅಂದಾಜು.

ಆಡಳಿತದ ಭಾಷೆಯಲ್ಲಿ ಆಣೆ

ಪೇಶ್ವೆ ಆಡಳಿತ ಕೊನೆಗೊಂಡ ನಂತರ ಧಾರವಾಡ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತು. ಇಂದಿನ ಶಿಗ್ಗಾಂವಿ ಆಗ ಬಂಕಾಪುರ ತಾಲ್ಲೂಕಿನ ಮುಖ್ಯಸ್ಥಳವಾಗಿತ್ತು. ಹಿರೇಕೆರೂರು ಕೋಡ ತಾಲ್ಲೂಕಿನ ಮುಖ್ಯಸ್ಥಳವಾಗಿತ್ತು. ಹಾನಗಲ್ಲ ತನ್ನ ಹೆಸರಿನ ತಾಲ್ಲೂಕೇ ಆಗಿತ್ತು. ಸವಣೂರು ಮಾತ್ರ ನವಾಬರ ಸಂಸ್ಥಾನ. ಧಾರವಾಡದ ಕಲೆಕ್ಟರರೇ ಅದರ ಪೊಲಿಟಿಕಲ್ ಏಜೆಂಟರಾಗಿದ್ದರು. 1948ರಲ್ಲಿ ಅದು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡಿತು. 1956ರ ನವೆಂಬರ್ 1ರಂದು ಈ ಎಲ್ಲ ಭಾಗ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿ, 1997ರ ಆಗಸ್ಟ್ 24ರಂದು ಹೊಸ ಹಾವೇರಿ ಜಿಲ್ಲೆಯ ಭಾಗವಾಯಿತು.

ಮುಂಬಯಿ ಪ್ರಾಂತದ ರೈತವಾರಿ ಪದ್ಧತಿಯಲ್ಲಿ ಆಣೆಯ ಲೆಕ್ಕ ಮೊದಲು ಪ್ರವೇಶಿಸಿದ್ದು ಬೆಳೆಗಲ್ಲ, ಮಣ್ಣಿಗೆ. ಗೋಲ್ಡ್‌ಸ್ಮಿಡ್, ವಿಂಗೇಟ್ ಮತ್ತು ಡೇವಿಡ್ಸನ್ ಇವರ 1847ರ ಜಂಟಿ ವರದಿಯು ಭೂಮಾಪನದ ಕ್ರಮವನ್ನು ಸ್ಥಿರಗೊಳಿಸಿತು. ಅದರಂತೆ ಮಣ್ಣಿನ ಬಣ್ಣ, ಆಳ ಮತ್ತು ದೋಷಗಳನ್ನು ನೋಡಿ ಭೂಮಿಯನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಲಾಗುತ್ತಿತ್ತು. ಮೊದಲ ವರ್ಗದ ಮಣ್ಣು ಹದಿನಾರಾಣೆ, ಕೊನೆಯ ವರ್ಗದ್ದು ಎರಡಾಣೆ. ಈ ಲೆಕ್ಕದ ಮೇಲೆ ಮೂವತ್ತು ವರ್ಷಗಳ ಅವಧಿಗೆ ಕಂದಾಯ ನಿಗದಿಯಾಗುತ್ತಿತ್ತು. ಮಣ್ಣಿನ ಆಣೆ ಹೀಗೆ ಸ್ಥಿರ. ಆದರೆ ಮಳೆಯ ಆಣೆ ಪ್ರತಿವರ್ಷ ಬೇರೆ. ಮೂವತ್ತು ವರ್ಷದ ಸ್ಥಿರ ಕಂದಾಯವನ್ನು ಒಂದು ವರ್ಷದ ಅಸ್ಥಿರ ಬೆಳೆಗೆ ಹೊಂದಿಸುವ ಪ್ರಶ್ನೆ 1876-78ರ ಭೀಕರ ಬರದ ನಂತರ ತೀವ್ರವಾಯಿತು. ಕಂದಾಯವನ್ನು ತಡೆಹಿಡಿಯುವ ‘ತಹಕೂಬು’ ಮತ್ತು ಬಿಟ್ಟುಕೊಡುವ ‘ಸೂಟು’ ಎಂಬ ಎರಡು ಪದಗಳು ಆಣೇವಾರಿಯ ಜೊತೆಗೂಡಿದ್ದು ಈ ಸಂದರ್ಭದಲ್ಲಿ.

ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ಮುಂಬಯಿ ಪ್ರಾಂತದಲ್ಲಿ ನೆಲೆಗೊಂಡ ನಿಯಮ ಹೀಗಿತ್ತು: ಬೆಳೆ ನಾಲ್ಕಾಣೆ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಆ ವರ್ಷದ ಪೂರ್ಣ ಕಂದಾಯ ತಹಕೂಬು, ನಾಲ್ಕರಿಂದ ಆರಾಣೆಯವರೆಗೆ ಇದ್ದರೆ ಅರ್ಧ, ಆರಾಣೆಗಿಂತ ಹೆಚ್ಚಿದ್ದರೆ ಪೂರ್ಣ ವಸೂಲಿ. ಬೆಳೆ ನಿಂತಿರುವಾಗಲೇ ಕಂದಾಯದ ಅಧಿಕಾರಿಗಳು ಊರಿನ ಗೌಡ, ಕುಲಕರ್ಣಿಯವರೊಂದಿಗೆ ಹೊಲಗಳನ್ನು ನೋಡಿ ಕಣ್ಣಂದಾಜಿನಿಂದ ಆಣೆ ಹಾಕುತ್ತಿದ್ದರು. ಹೊಲ ನೋಡುವ ಈ ಕ್ರಿಯೆಗೆ ಮರಾಠಿಯಲ್ಲಿ ‘ಪಾಹಣೀ’ ಎಂದು ಹೆಸರು. ಇಂದು ನಾವು ಭೂದಾಖಲೆಗೆ ಬಳಸುವ ‘ಪಹಣಿ’ ಎಂಬ ಪದ ಮೂಲತಃ ‘ನೋಡುವಿಕೆ’ ಎಂಬರ್ಥದ್ದು. ಕಾಗದದ ಹೆಸರು ಉಳಿದು, ನೋಡುವ ಅರ್ಥ ಮರೆಯಾಗಿರುವುದು ಕುತೂಹಲಕರ.

ಒಂದಾಣೆಯ ಅಂತರ ಎಷ್ಟು ದೊಡ್ಡದಾಗಿತ್ತು ಎಂಬುದಕ್ಕೆ ಇದೇ ಪ್ರಾಂತದ ಗುಜರಾತದ ಖೇಡಾ ಜಿಲ್ಲೆಯ 1918ರ ಸತ್ಯಾಗ್ರಹ ಸಾಕ್ಷಿ. ಬೆಳೆ ನಾಲ್ಕಾಣೆಗಿಂತ ಕಡಿಮೆ ಎಂದು ರೈತರು, ಹೆಚ್ಚು ಎಂದು ಅಧಿಕಾರಿಗಳು. ಗಾಂಧೀಜಿಯವರ ನೇತೃತ್ವದಲ್ಲಿ ನಡೆದ ಆ ಹೋರಾಟದ ಕೇಂದ್ರದಲ್ಲಿದ್ದುದು ಭೂಮಿಯ ಒಡೆತನವಲ್ಲ, ತೆರಿಗೆಯ ದರವೂ ಅಲ್ಲ; ಆ ವರ್ಷದ ಬೆಳೆಯ ಬಗ್ಗೆ ಯಾರ ಮಾತು ನಿಜ ಎಂಬ ಪ್ರಶ್ನೆ.

ನಾಲ್ಕು ತಾಲ್ಲೂಕುಗಳ ನೆಲ, ಒಂದು ಊರಿನ ಸರಾಸರಿ

ಆಣೇವಾರಿಯ ಕಷ್ಟ ಅರ್ಥವಾಗಬೇಕಾದರೆ ಈ ನಾಲ್ಕು ತಾಲ್ಲೂಕುಗಳ ನೆಲವನ್ನು ನೋಡಬೇಕು. ಪಶ್ಚಿಮದ ಹಾನಗಲ್ಲ ಅರೆಮಲೆನಾಡು, ಕೆರೆಗಳ ನಾಡು. ಇಲ್ಲಿಯೂ ಶಿಗ್ಗಾಂವಿಯ ಪಶ್ಚಿಮ ಭಾಗದಲ್ಲಿಯೂ ಭತ್ತವನ್ನು ಸಸಿ ನಾಟಿ ಮಾಡದೆ ಮುಂಗಾರಿನಲ್ಲಿ ಕೂರಿಗೆಯಿಂದಲೇ ಬಿತ್ತುವ ರೂಢಿ ಹಿಂದಿನಿಂದ ಬಂದಿದೆ. ಕೂರಿಗೆ ಭತ್ತಕ್ಕೆ ಬಿತ್ತುವಾಗ ಹದವಾದ ಮಳೆ ಬೇಕು, ತೆನೆ ಕಟ್ಟುವಾಗ ನೀರು ಬೇಕು. ನಡುವೆ ಒಂದು ಮಳೆ ತಪ್ಪಿದರೆ ಲೆಕ್ಕವೇ ತಪ್ಪುತ್ತದೆ. ಪೂರ್ವಕ್ಕೆ ಸರಿದಂತೆ ಮಳೆ ಇಳಿಯುತ್ತದೆ. ಸವಣೂರಿನ ಎರೆಭೂಮಿ ಜೋಳ, ಹತ್ತಿಗಳ ನೆಲ. ಅದೇ ಸವಣೂರು ತನ್ನ ವೀಳ್ಯದೆಲೆಯ ತೋಟಗಳಿಗೂ ಹೆಸರಾಗಿದೆ. ಹಿರೇಕೆರೂರಿನಲ್ಲಿ ಕೆಂಪು ಮತ್ತು ಕಪ್ಪು ಮಣ್ಣುಗಳೆರಡೂ ಇವೆ. ಮದಗ-ಮಾಸೂರು ಕೆರೆಯ ನೀರುಂಡ ಹೊಲಗಳೂ, ಆಕಾಶವನ್ನೇ ನೋಡುವ ಹೊಲಗಳೂ ಇವೆ. ಇತ್ತೀಚಿನ ದಶಕಗಳಲ್ಲಿ ಗೋವಿನಜೋಳ ಈ ಎಲ್ಲ ಕಡೆ ಹರಡಿದೆ.

ಇಂತಹ ನೆಲದಲ್ಲಿ ಇಡೀ ಊರಿಗೆ ಒಂದೇ ಆಣೆ ಹಾಕಿದರೆ ಏನಾಗುತ್ತದೆ? ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಒಂದು ಊರಿನ ಅರ್ಧ ಭೂಮಿ ಕೆರೆಯ ಕೆಳಗಿನ ಭತ್ತ, ಅದು ಹತ್ತಾಣೆ. ಕಾಲು ಭಾಗ ಜೋಳ, ಅದು ನಾಲ್ಕಾಣೆ. ಉಳಿದ ಕಾಲು ಭಾಗ ಹತ್ತಿ, ಅದು ಎರಡಾಣೆ. ಸರಾಸರಿ ತೆಗೆದರೆ ಐದು, ಒಂದು ಮತ್ತು ಅರ್ಧ ಸೇರಿ ಆರೂವರೆ ಆಣೆಯಾಗುತ್ತದೆ. ಆರಾಣೆ ದಾಟಿದ್ದರಿಂದ ಊರಿಗೆಲ್ಲ ಪೂರ್ಣ ವಸೂಲಿ. ಎರಡಾಣೆ ಬೆಳೆದವನು ಹತ್ತಾಣೆ ಬೆಳೆದವನ ನೆರಳಿನಲ್ಲಿ ಮರೆಯಾಗುತ್ತಾನೆ. ಲೆಕ್ಕ ತಪ್ಪಲ್ಲ, ಆದರೆ ಆ ಲೆಕ್ಕದೊಳಗೆ ಅವನ ಹೊಲವಿಲ್ಲ. ‘ಊರಾಣೆ’ಗೂ ‘ಹೊಲದಾಣೆ’ಗೂ ಇರುವ ಈ ಭೇದವೇ ಆಣೇವಾರಿಯ ಚರಿತ್ರೆಯುದ್ದಕ್ಕೂ ಹರಿದುಬಂದ ಜಗಳದ ಮೂಲ.

ಕಂದಾಯದ ಹೊರೆ ಈ ಭಾಗದ ರಾಜಕೀಯ ನೆನಪಿನಲ್ಲಿಯೂ ಆಳವಾಗಿ ಕೂತಿದೆ. 1930ರ ದಶಕದ ಆರಂಭದ ಕಾನೂನುಭಂಗ ಚಳವಳಿಯ ಕಾಲದಲ್ಲಿ ಅಂಕೋಲಾ, ಸಿದ್ದಾಪುರಗಳ ಜೊತೆಗೆ ಹಿರೇಕೆರೂರು ಸೀಮೆಯಲ್ಲಿಯೂ ಕರನಿರಾಕರಣೆ ನಡೆಯಿತು. 1943ರ ಏಪ್ರಿಲ್ 1ರಂದು ವರದಾ ತೀರದ ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪ ಮತ್ತು ಅವರ ಇಬ್ಬರು ಸಂಗಾತಿಗಳು ಗುಂಡಿಗೆ ಬಲಿಯಾದದ್ದು ಅಲ್ಲಿ ಸಂಗ್ರಹವಾಗಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳುವ ಪ್ರಯತ್ನದಲ್ಲಿ. ಇವು ಆಣೇವಾರಿಯ ವಿರುದ್ಧದ ಹೋರಾಟಗಳೆಂದು ಹೇಳುವುದು ಸರಿಯಲ್ಲ. ಸ್ವರಾಜ್ಯದ ಹೋರಾಟಗಳು ಅವು. ಆದರೆ ಕಂದಾಯವನ್ನೇ ಹೋರಾಟದ ಗುರಿಯಾಗಿ ಆರಿಸಿಕೊಂಡಾಗ ಅದು ಜನರಿಗೆ ತಟ್ಟನೆ ಅರ್ಥವಾದದ್ದು ಏಕೆ ಎಂಬುದನ್ನು ತಿಳಿಯಲು ಆಣೆಯ ಲೆಕ್ಕ ಸಹಾಯ ಮಾಡುತ್ತದೆ.

ಕಣದ ಭಾಷೆ: ಸಂಖ್ಯೆ ಹೇಳದ ಸಂಪ್ರದಾಯ

ಆಡಳಿತ ಬೆಳೆ ನಿಂತಿರುವಾಗಲೇ ಸಂಖ್ಯೆ ಕೇಳಿತು. ಜನಪದ ಸಂಪ್ರದಾಯವಾದರೋ ರಾಶಿಯಾಗುವವರೆಗೂ ಸಂಖ್ಯೆ ಹೇಳಲು ಹಿಂಜರಿಯಿತು. ಒಕ್ಕಲಿಗನ ಕಣ ಈ ಹಿಂಜರಿಕೆಯ ಶಾಲೆ. ಕಣ ಕಡಿದು, ಮೇಟಿ ನೆಟ್ಟು, ಹಂತಿ ಹೂಡಿ, ತೂರಿ, ರಾಶಿ ಪೂಜೆ ಮಾಡಿದ ನಂತರವೇ ಅಳತೆ. ಅಳೆಯುವಾಗ ಮೊದಲ ಕೊಳಗವನ್ನು ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಧಾನ್ಯ ತೀರಿದರೆ ‘ಮುಗಿಯಿತು’ ಎನ್ನುವುದಿಲ್ಲ, ‘ಹೆಚ್ಚಿತು’ ಎನ್ನುತ್ತಾರೆ. ಒಡೆದ ಬಳೆಗೂ ಇದೇ ಮಾತು. ಕಣದ ಆಯಕ್ಕೆ ಬಂದು ನಿಂತವರೂ ‘ಎಷ್ಟಾಯಿತು’ ಎಂದು ಬಾಯಿಬಿಟ್ಟು ಕೇಳುವುದು ಔಚಿತ್ಯವಲ್ಲ. ಇದನ್ನು ಕೇವಲ ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ’ ಎಂಬ ಮಾತನ್ನು ಅನುಭವದಿಂದ ಬಲ್ಲ ಸಮಾಜದಲ್ಲಿ ಫಲ ಕೈಸೇರುವ ಮುನ್ನ ಸಂಖ್ಯೆ ಹೇಳದಿರುವುದು ಒಂದು ವಿವೇಕ.

ಮಳೆಯ ಬಗೆಗೂ ಜನಪದದ ಮಾತು ಇದೇ ಬಗೆಯದು. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ’ ಎಂಬ ಗಾದೆಯಲ್ಲಿ ಒಂದು ‘ಬಂದರೆ’ ಇದೆ, ಪ್ರಮಾಣವಿಲ್ಲ. ನೆರೆಯ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರಾ ಸಂದರ್ಭದಲ್ಲಿಯೂ, ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಯಲ್ಲಿಯೂ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕವನ್ನು ಕೇಳಲು ಈ ಭಾಗದ ರೈತರು ಹೋಗುತ್ತಾರೆ. ಕಾರಣಿಕ ಒಂದು ಸಾಲಿನ ನುಡಿ. ಅದನ್ನು ಮಳೆಬೆಳೆಗೆ ಅನ್ವಯಿಸಿ ಬಿಡಿಸುವವರು ಕೇಳಿದವರೇ. ಒಗಟಿನಂತಹ ಆ ನುಡಿ ಅನಿಶ್ಚಿತತೆಯನ್ನು ಇಲ್ಲವಾಗಿಸುವುದಿಲ್ಲ. ಅದನ್ನು ಎಲ್ಲರೂ ಕೂಡಿ ಹೊರುವಂತೆ ಮಾಡುತ್ತದೆ.

ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ‘ರಾಮಧಾನ್ಯಚರಿತೆ’ಯನ್ನೂ ಈ ದೃಷ್ಟಿಯಿಂದ ಓದಬಹುದು. ಭತ್ತ ಮತ್ತು ರಾಗಿಗಳಲ್ಲಿ ಯಾವುದು ಮೇಲು ಎಂಬ ವಾದ ಎದ್ದಾಗ ರಾಮನು ತಕ್ಷಣ ತೀರ್ಪು ಕೊಡುವುದಿಲ್ಲ; ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಧಾನ್ಯದ ಬೆಲೆಯನ್ನು ನಿರ್ಧರಿಸುವುದು ಕಣ್ಣಂದಾಜಲ್ಲ, ಕಾಲ. ಆ ಕೃತಿಯ ಸಾಮಾಜಿಕ ಅರ್ಥ ಬೇರೆಯೇ ಆದರೂ, ಕಾದು ನೋಡಿ ಹೇಳಬೇಕೆಂಬ ಒಕ್ಕಲುತನದ ನ್ಯಾಯ ಅದರ ಕಥೆಯೊಳಗಿದೆ.

ಎರಡು ಭಾಷೆಗಳ ನಡುವಿನ ಪದ

ಹಾಗಾದರೆ ಸಂಖ್ಯೆ ಹೇಳಲು ಹಿಂಜರಿಯುವ ಸಮಾಜ ಆಣೆಯ ಮಾತನ್ನು ಏಕೆ ಸ್ವೀಕರಿಸಿತು? ಆಣೆ ಸಂಖ್ಯೆಯಾಗಿದ್ದೂ ಪರಿಮಾಣವಲ್ಲ ಎಂಬುದೇ ಇದಕ್ಕೆ ಕಾರಣವೆಂದು ತೋರುತ್ತದೆ. ‘ಎಂಟಾಣೆ ಬೆಳೆ’ ಎಂದವನು ತನ್ನ ಮನೆಗೆ ಎಷ್ಟು ಚೀಲ ಬಂತೆಂದು ಹೇಳಿದಂತಾಗಲಿಲ್ಲ. ಕೇಳಿದವನ ಕಣ್ಣು ತಾಕುವ ಭಯವಿಲ್ಲ, ಸಾಲಗಾರನಿಗೆ ಸುಳಿವು ಸಿಗುವುದಿಲ್ಲ, ಕಣದ ನೇಮವೂ ಮುರಿಯಲಿಲ್ಲ. ಆದರೂ ಅರ್ಧ ಹೋಯಿತು ಎಂಬ ನೋವನ್ನು ಖಚಿತವಾಗಿ ಹೇಳಿದಂತಾಯಿತು. ಅನುಪಾತವನ್ನು ಬಯಲುಮಾಡಿ ಮೊತ್ತವನ್ನು ಮುಚ್ಚಿಡುವ ಈ ಗುಣದಿಂದಾಗಿ ಪದ ಎರಡೂ ಕಡೆಗೆ ಒಗ್ಗಿತು. ಜಮೀನನ್ನು ಪಾಲಿಗೆ ಅಥವಾ ಲಾವಣಿಗೆ ಮಾಡುವವರಿಗಂತೂ ಇದು ಮಾತುಕತೆಯ ಭಾಷೆಯೇ ಆಯಿತು. ನಿಗದಿತ ಲಾವಣಿ ಕೊಡಬೇಕಾದವನು ಮಾಲೀಕನ ಮುಂದೆ ‘ಆರಾಣೆಯೂ ಬರಲಿಲ್ಲ’ ಎನ್ನುವಾಗ, ಸರಕಾರ ತನಗೆ ಕಲಿಸಿದ ಲೆಕ್ಕವನ್ನೇ ತನ್ನ ರಕ್ಷಣೆಗೆ ಬಳಸುತ್ತಾನೆ.

ಕಾಗದದ ಆಣೆ ಮತ್ತು ಕಟ್ಟೆಯ ಆಣೆಗಳ ನಡುವೆ ಒಂದು ಮೂಲಭೂತ ವ್ಯತ್ಯಾಸವಿದೆ. ಅದು ಹದಿನಾರರ ಅರ್ಥದಲ್ಲಿ. ಕಾಗದದಲ್ಲಿ ಹದಿನಾರೆಂದರೆ ಹಿಂದಿನ ವರ್ಷಗಳ ಅನುಭವದಿಂದ ಕಟ್ಟಿದ ಒಂದು ಪೂರ್ಣ ಬೆಳೆಯ ಕಲ್ಪನೆ. ಕಟ್ಟೆಯಲ್ಲಿ ಹದಿನಾರೆಂದರೆ ಬೀಜಕ್ಕೆ, ಬಾಯಿಗೆ, ದನಕ್ಕೆ, ಆಯಕ್ಕೆ, ಸಾಲಕ್ಕೆ ಆಗಿ ಒಂದಿಷ್ಟು ಉಳಿಯುವ ಬೆಳೆ. ಒಂದು ಭೂಮಿಯ ಪೂರ್ಣತೆ, ಇನ್ನೊಂದು ಮನೆತನದ ಪೂರ್ಣತೆ. ಎಂಟೋ ನಾಲ್ಕೋ ಎಂಬ ಜಗಳ ಮೇಲ್ನೋಟದ್ದು. ಆಳದಲ್ಲಿರುವುದು ಯಾವುದು ಹದಿನಾರು ಎಂಬ ಭಿನ್ನಾಭಿಪ್ರಾಯ.

ನಾಣ್ಯ ಹೋದ ಮೇಲೆ

1957ರ ಏಪ್ರಿಲ್ 1ರಂದು ದಶಮಾನ ನಾಣ್ಯಪದ್ಧತಿ ಬಂದು ಆಣೆ ಅಧಿಕೃತ ಲೆಕ್ಕದಿಂದ ಸರಿಯಿತು. ಮಹಾರಾಷ್ಟ್ರದಲ್ಲಿ ಆಣೇವಾರಿ ‘ಪೈಸೇವಾರಿ’ಯಾಯಿತು. ಇಪ್ಪತ್ತೈದು ಪೈಸೆಯ ನಾಣ್ಯವನ್ನು ಜನ ‘ನಾಲ್ಕಾಣೆ’ ಎಂದೇ ಕರೆದರು. 2011ರ ಜೂನ್ 30ರ ನಂತರ ಆ ನಾಣ್ಯವೂ ಚಲಾವಣೆಯಲ್ಲಿ ಉಳಿಯಲಿಲ್ಲ. ಆದರೆ ಭೂಮಿಯ ಲೆಕ್ಕದಲ್ಲಿ ಗುಂಟೆಯ ಹದಿನಾರನೆಯ ಭಾಗವಾಗಿ ಆಣೆ ಇಂದಿಗೂ ಇದೆ, ಬೆಳೆಯ ಮಾತಿನಲ್ಲಿಯೂ ಇದೆ.

ಕಣ್ಣಂದಾಜಿನ ಸ್ಥಾನಕ್ಕೆ ಬಂದದ್ದು ಬೆಳೆ ಕಟಾವು ಪ್ರಯೋಗ. 1940ರ ದಶಕದಲ್ಲಿ ಪಿ. ವಿ. ಸುಖಾತ್ಮೆ, ವಿ. ಜಿ. ಪಾನ್ಸೆ ಮೊದಲಾದವರು ಯಾದೃಚ್ಛಿಕ ಮಾದರಿಯ ವಿಧಾನವನ್ನು ಭಾರತದ ಬೆಳೆ ಅಂದಾಜಿಗೆ ಅಳವಡಿಸಿದರು. ಆಯ್ದ ಹೊಲದಲ್ಲಿ ಸಾಮಾನ್ಯವಾಗಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ತುಂಡನ್ನು ಗುರುತಿಸಿ, ಅಲ್ಲಿಯ ಬೆಳೆಯನ್ನು ಕೊಯ್ದು ತೂಗಿ ಇಳುವರಿ ಲೆಕ್ಕಹಾಕುವುದು ಇದರ ಕ್ರಮ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಪರಿಹಾರವೂ ಮುಖ್ಯವಾಗಿ ಇಂತಹ ಪ್ರಯೋಗಗಳನ್ನೇ ಅವಲಂಬಿಸಿ ಬೆಳೆದಿದೆ. ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದು ವರ್ಷಗಳ ಸರಾಸರಿಯ ಆಧಾರದ ಮೇಲೆ ಒಂದು ಪ್ರಾರಂಭಿಕ ಇಳುವರಿಯನ್ನು ನಿಗದಿಪಡಿಸಿ, ಈ ವರ್ಷದ ಇಳುವರಿ ಅದಕ್ಕಿಂತ ಎಷ್ಟು ಕಡಿಮೆಯಾಯಿತೋ ಆ ಪ್ರಮಾಣದಲ್ಲಿ ಪರಿಹಾರ ಕೊಡಲಾಗುತ್ತದೆ. ನಿಗದಿತ ಇಳುವರಿ 20 ಕ್ವಿಂಟಲ್ ಇದ್ದು ಬಂದದ್ದು 15 ಆದರೆ ಕೊರತೆ ಶೇಕಡಾ 25. ಹಳೆಯ ಭಾಷೆಯಲ್ಲಿ ಹೇಳುವುದಾದರೆ ಹನ್ನೆರಡಾಣೆ ಬೆಳೆ, ನಾಲ್ಕಾಣೆ ನಷ್ಟ. ಪ್ರಕೃತಿ ವಿಕೋಪದ ಪರಿಹಾರಕ್ಕೂ ಮೊದಲು ಶೇಕಡಾ 50ರಷ್ಟು ನಷ್ಟವಾಗಿರಬೇಕಿತ್ತು; 2015ರಲ್ಲಿ ಅದನ್ನು ಶೇಕಡಾ 33ಕ್ಕೆ ಇಳಿಸಲಾಯಿತು. ಅಂದರೆ ಎಂಟಾಣೆಯ ಗೆರೆ ಸುಮಾರು ಐದಾಣೆಗೆ ಸರಿಯಿತು.

ಹೀಗೆ ನೋಡಿದಾಗ ಆಣೇವಾರಿಯ ತರ್ಕ ಬದಲಾಗಿಲ್ಲ, ಅದರ ಉಪಕರಣ ಬದಲಾಗಿದೆ. ಹಿಂದೆ ಕಂದಾಯ ಕೊಡಬೇಕೋ ಬೇಡವೋ ಎಂಬುದನ್ನು ನಿರ್ಧರಿಸುತ್ತಿದ್ದ ಅನುಪಾತ ಇಂದು ಪರಿಹಾರ ಬರುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತಿದೆ. ಪ್ರಮುಖ ಬೆಳೆಗಳಿಗೆ ವಿಮೆಯ ಘಟಕ ಗ್ರಾಮ ಪಂಚಾಯಿತಿ, ಉಳಿದ ಬೆಳೆಗಳಿಗೆ ಹೋಬಳಿ. ಬೆಳೆಗೊಂದು ಲೆಕ್ಕ ಬೇರೆಬೇರೆಯಾಗಿ ಬಂದುದರಿಂದ ಭತ್ತದ ನೆರಳು ಈಗ ಹತ್ತಿಯ ಮೇಲೆ ಬೀಳುವುದಿಲ್ಲ. ಇದು ನಿಜವಾದ ಸುಧಾರಣೆ. ಆದರೆ ಒಂದೇ ಬೆಳೆಯ ಇಬ್ಬರು ರೈತರಲ್ಲಿ ಕೆರೆಯ ಕೆಳಗಿನವನ ನೆರಳು ಖುಷ್ಕಿಯವನ ಮೇಲೆ ಈಗಲೂ ಬೀಳುತ್ತದೆ. 2020ರಿಂದ ರೈತರೇ ಮೊಬೈಲ್ ಆ್ಯಪ್ ಮೂಲಕ ತಮ್ಮ ಹೊಲದ ಬೆಳೆಯನ್ನು ದಾಖಲಿಸುವ ಅವಕಾಶ ಕರ್ನಾಟಕದಲ್ಲಿದೆ. ಏನು ಬೆಳೆದೆ ಎಂದು ಹೇಳುವ ಹಕ್ಕು ಅವನದಾಯಿತು. ಎಷ್ಟು ಬಂತು ಎಂದು ಹೇಳುವ ಮಾತು ಇನ್ನೂ ಊರಿನ ಸರಾಸರಿಯದೇ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಆಣೇವಾರಿ ಹೊರಗಿನಿಂದ ಬಂದ ಆಡಳಿತದ ಪದವಾದರೂ ವೀಸದ ಲೆಕ್ಕ, ಹದಿನಾರರ ಪೂರ್ಣತೆಯ ಕಲ್ಪನೆಗಳು ಮೊದಲೇ ಇದ್ದುದರಿಂದ ಕನ್ನಡದಲ್ಲಿ ಬೇರು ಬಿಟ್ಟಿತು. ಎರಡನೆಯದಾಗಿ, ಫಲ ಕೈಸೇರುವ ಮುನ್ನ ಪರಿಮಾಣವನ್ನು ನುಡಿಯದ ಕಣದ ಸಂಪ್ರದಾಯಕ್ಕೂ, ನಿಂತ ಬೆಳೆಗೇ ಸಂಖ್ಯೆ ಬಯಸುವ ಆಡಳಿತಕ್ಕೂ ನಡುವೆ ಇದು ಸೇತುವೆಯಾಯಿತು. ಮೊತ್ತವನ್ನು ಮುಚ್ಚಿ ನಷ್ಟವನ್ನು ನುಡಿಯುವ ಶಕ್ತಿ ಇದಕ್ಕಿತ್ತು. ಮೂರನೆಯದಾಗಿ, ಪದ ಒಂದಾದರೂ ಅದರ ಹದಿನಾರು ಎರಡಾಗಿಯೇ ಉಳಿದವು.

ಜಾನಪದ ಸಂಗ್ರಹಗಳಲ್ಲಿ ಹಂತಿಯ ಹಾಡು, ಮಳೆಯ ಗಾದೆಗಳಿಗೆ ಸಿಕ್ಕಿರುವ ಗಮನ ಇಂತಹ ಲೆಕ್ಕದ ಪದಗಳಿಗೆ ಸಿಕ್ಕಿಲ್ಲ. ಯಂತ್ರದಿಂದ ಒಕ್ಕಣೆಯಾಗಿ ಧಾನ್ಯ ಹೊಲದಿಂದಲೇ ಚೀಲದಲ್ಲಿ ಮಾರುಕಟ್ಟೆಗೆ ಹೋಗುವ ಈ ದಿನಗಳಲ್ಲಿ ‘ಲಾಭ’ ಎಂದು ಎಣಿಕೆ ಆರಂಭಿಸುವ ಕಣಗಳು ಅಪರೂಪವಾಗುತ್ತಿವೆ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿಯೇ ಜಾನಪದ ವಿಶ್ವವಿದ್ಯಾಲಯವಿರುವಾಗ, ಸುತ್ತಲಿನ ಊರುಗಳ ಅಳತೆ, ಎಣಿಕೆ, ಅಂದಾಜುಗಳ ಪದಕೋಶವೊಂದನ್ನು ಸಿದ್ಧಪಡಿಸುವುದು ಕಷ್ಟದ ಕೆಲಸವಲ್ಲ. ಅದು ಭಾಷೆಯ ದಾಖಲೆಯಷ್ಟೇ ಆಗಿ ಉಳಿಯಲಾರದು. ರೈತ ತನ್ನ ಬೆಳೆಯನ್ನು ಯಾವುದರೊಂದಿಗೆ ಹೋಲಿಸಿ ಕಡಿಮೆ ಎನ್ನುತ್ತಾನೆ ಎಂಬುದನ್ನು ತಿಳಿಯದೆ ಅವನ ನಷ್ಟವನ್ನು ಅಳೆಯುವವರಿಗೆ, ಅವನ ಹದಿನಾರು ಯಾವುದು ಎಂಬುದನ್ನು ಅಂತಹ ಪದಕೋಶವೇ ತೋರಿಸಬಲ್ಲದು.